ಡಾಲಿಯ ಡ್ರಮ್ಮಿಗೆ ಹದಿಮೂರು ನಿಮಿಷ

ಸನ್ಮಾನ ಮಾಡಿಯೇ ಮನುಷ್ಯನ ಬಾಯಿ ಮುಚ್ಚಿಸುವ ವಿದ್ಯೆಯಲ್ಲಿ ಮಂಗಳೂರಿನವರನ್ನು ಮೀರಿಸುವವರಿಲ್ಲ. ಹಾಡುವವನು ಬಂದರೆ ಶಾಲು, ಕುಣಿಯುವವನು ಬಂದರೆ ಶಾಲು, ಏನೂ ಮಾಡದೆ ಎಂಬತ್ತು ತುಂಬಿಸಿದರೂ ಶಾಲು. ಆಮೇಲೆ ಹೊದೆಸಿದವರು ಮಾತಾಡುತ್ತಾರೆ, ಹೊದ್ದವನು ಬೆವರುತ್ತಾನೆ. ರತ್ನಾವತಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಆ ಶನಿವಾರ ಅಣ್ಣನ ಸಮಿತಿಯ ಸನ್ಮಾನದಲ್ಲಿ ಹರಿವಾಣ ಹಿಡಿಯಲು ಒಪ್ಪಿಕೊಂಡಳಲ್ಲ, ಅದಕ್ಕೆ ಅವಳಿಗೆ ಮೊದಲು ಸಿಟ್ಟು ಬಂದದ್ದು ತನ್ನ ಮೇಲೆಯೇ.

ಒಪ್ಪಿಸಿದವಳು ಅತ್ತಿಗೆ ಶಶಿಪ್ರಭಾ. ೧೯೮೮ರ ಡಿಸೆಂಬರು. ಮಧ್ಯಾಹ್ನ ಮೂರು ಗಂಟೆಗೆ ಮಣ್ಣಗುಡ್ಡದ ಮನೆಗೆ ಕಾರಿನಲ್ಲಿ ಬಂದವಳು ಕೈಯಲ್ಲಿದ್ದ ರೇಷ್ಮೆ ಸೀರೆಯನ್ನು ಮೇಜಿನ ಮೇಲಿಟ್ಟಳು.

"ನಿನ್ನ ಅಣ್ಣನೇ ಹೇಳಿದ್ದು ಮಾರಾಯ್ತಿ. ಹರಿವಾಣ ಹಿಡೀಲಿಕ್ಕೆ ಮನೆಯವರೇ ಆಗ್ಬೇಕಂತೆ. ನನಗೆ ಗಂಟು ನೋವು, ಅಷ್ಟು ಹೊತ್ತು ನಿಲ್ಲಿಕ್ಕೆ ಆಗುದಿಲ್ಲ."

"ನಾನು ಟಿಕೆಟ್ ತೆಗೊಂಡಿದ್ದೇನೆ ಅತ್ತಿಗೆ. ನಾಲ್ಕನೇ ಸಾಲು."

"ಅಧ್ಯಕ್ಷರ ತಂಗಿಗೆ ಟಿಕೆಟ್ ಎಂತಕ್ಕೆ? ಸ್ಟೇಜಿನ ಮೇಲೆಯೇ ಇರ್ತಿಯಲ್ಲ, ಎಲ್ಲರಿಗಿಂತ ಹತ್ತಿರ."

ಎಲ್ಲರಿಗಿಂತ ಹತ್ತಿರ ಎಂಬ ಮಾತಿಗೆ ರತ್ನಾವತಿ ಸೋತಳು. ಇಪ್ಪತ್ತೊಂದು ವರ್ಷಗಳಿಂದ ಅವಳು ಕೇಳಬೇಕೆಂದಿದ್ದದ್ದು ಒಂದೇ ಒಂದು. ಡಾಲಿ ಒಬ್ಬಳೇ ಕೂತು ಡ್ರಮ್ ನುಡಿಸುವುದನ್ನು, ಮೊದಲಿನಿಂದ ಕೊನೆಯವರೆಗೆ.

ಡಾಲಿ ಯಾರೆಂದು ಈಗಿನವರಿಗೆ ಹೇಳಬೇಕಾಗುತ್ತದೆ. ಅರವತ್ತರ ದಶಕದಲ್ಲಿ ಮಂಗಳೂರಿನಲ್ಲಿ 'ದಿ ರೆಡ್ ಟೈಲ್ಸ್' ಎಂಬ ತಂಡವಿತ್ತು. ಹಾಡಿಗೆ ಮ್ಯಾಕ್ಸಿಮ್, ಗಿಟಾರಿಗೆ ಇಬ್ಬರು, ಡ್ರಮ್ಮಿಗೆ ಮ್ಯಾಕ್ಸಿಮ್‌ನ ತಂಗಿ ಡಾಲಿ. ಅಪ್ಪ ಹಂಚಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರೆಂದು ತಂಡಕ್ಕೆ ಹಂಚಿನದೇ ಹೆಸರು. ಬೊಂಬಾಯಿಯಲ್ಲಿ ಪಂದ್ಯ ಗೆದ್ದರು, ರೆಕಾರ್ಡು ಹೊರತಂದರು, ಹಡಗುಗಳಲ್ಲಿ ನುಡಿಸುತ್ತ ಹತ್ತು ದೇಶ ಸುತ್ತಿದರು. ಹೆಣ್ಣೊಬ್ಬಳು ಕಾಲಗಲಿಸಿ ಕೂತು ಡ್ರಮ್ ಬಾರಿಸುತ್ತಾಳೆಂದು ಊರಿಗೆ ಊರೇ ಮೂಗಿನ ಮೇಲೆ ಬೆರಳಿಟ್ಟಿತು; ಹಾಗೆ ಬೆರಳಿಟ್ಟವರೇ ಕದ್ದು ನೋಡಲು ಹೋದರು.

೧೯೬೭ರಲ್ಲಿ ರತ್ನಾವತಿಗೆ ಹತ್ತೊಂಬತ್ತು. ಬಿ.ಎಸ್ಸಿ. ಎರಡನೆಯ ವರ್ಷ. ಲೆಕ್ಕದಲ್ಲಿ ಕಾಲೇಜಿಗೇ ಮುಂದು. ಗೆಳತಿ ರೊಸಾಲಿನ್ ಜೊತೆ ಒಂದು ಸಂಜೆ ರೆಡ್ ಟೈಲ್ಸ್ ಕೇಳಲು ಹೋದಳು. ಎರಡು ಹಾಡು ಮುಗಿಯಿತು. ಮೈಕಿನಲ್ಲಿ ಮ್ಯಾಕ್ಸಿಮ್, "ಈಗ ಡಾಲಿ, ಡಾಲಿ ಮಾತ್ರ" ಎಂದ. ಇಪ್ಪತ್ತೆಂಟರ ಡಾಲಿ ಕೂದಲಿಗೆ ಕರವಸ್ತ್ರ ಕಟ್ಟಿಕೊಂಡು ಎರಡೂ ಕೋಲುಗಳನ್ನು ಎತ್ತಿದಳು. ಅಷ್ಟರಲ್ಲಿ ಹಿಂದಿನಿಂದ ಒಂದು ಕೈ ಬಂದು ರತ್ನಾವತಿಯ ಜಡೆ ಹಿಡಿಯಿತು.

ಅದು ಅಣ್ಣ ಸರ್ವೋತ್ತಮನ ಕೈ. ತುಂಬಿದ ಸಭೆಯ ನಡುವೆ, ಜಡೆ ಹಿಡಿದೇ ಬಾಗಿಲವರೆಗೆ ಎಳೆದುಕೊಂಡು ಹೋದ. "ಬಿಡಿ ಅವಳನ್ನು" ಎಂದು ಡಾಲಿ ಎದ್ದು ನಿಂತು ಕೂಗಿದಾಗ ತಿರುಗಿ ಅವಳಿಗೊಂದು ಮಾತು ಅಂದ. ಆ ಮಾತು ಇಲ್ಲಿ ಬರೆಯುವಂಥದ್ದಲ್ಲ. ಮರುದಿನದಿಂದ ರತ್ನಾವತಿಗೆ ಕಾಲೇಜಿಲ್ಲ. ನಾಲ್ಕು ತಿಂಗಳೊಳಗೆ ಮದುವೆ. ಗಂಡ ತಾರಾನಾಥ ಒಳ್ಳೆಯವನೇ, ಅವಳ ದೂರು ಅವನ ಮೇಲಿಲ್ಲ. ದೂರು ಯಾರ ಮೇಲಿತ್ತೋ ಅವನು ಪಂಪ್‌ವೆಲ್ಲಿನಲ್ಲಿ ಒಂದು, ಉರ್ವದಲ್ಲಿ ಒಂದು ಹೋಟೆಲು ಕಟ್ಟಿ, ಕಲಾ ಗೌರವ ಸಮಿತಿ ಎಂದೊಂದು ಮಾಡಿಕೊಂಡು ಅದಕ್ಕೆ ತಾನೇ ಅಧ್ಯಕ್ಷನಾಗಿ ಕೂತಿದ್ದ. ಊರಿಗೆ ಉಪಕಾರಿ, ಮನೆಗೆ ಮಾರಿ. ಇಷ್ಟು ವರ್ಷಗಳಲ್ಲಿ ಆ ಸಂಜೆಯ ಬಗ್ಗೆ ಅವನು ಒಮ್ಮೆಯೂ ಬಾಯಿ ಬಿಡಲಿಲ್ಲ. ಮುಚ್ಚಿಡುತ್ತಿದ್ದಾನೆಂದು ಅವಳು ಮೊದಮೊದಲು ತಿಳಿದಿದ್ದಳು. ನಿಜವಾಗಿ ಮರೆತೇಬಿಟ್ಟಿದ್ದಾನೆಂದು ಗೊತ್ತಾದ ದಿನ ಅವಳಿಗೆ ಎರಡು ಹೊತ್ತು ಅನ್ನ ಸೇರಲಿಲ್ಲ.

ಈಗ ರೆಡ್ ಟೈಲ್ಸ್ ಬೊಂಬಾಯಿಯಿಂದ ಊರಿಗೆ ಬಂದಿತ್ತು. ಒಂದೇ ಸಂಜೆ, ಉರ್ವ ಮಾರ್ಕೆಟ್ಟಿನ ಹತ್ತಿರದ ಒಂದು ಕಲ್ಯಾಣ ಮಂಟಪದಲ್ಲಿ. ಕರೆದದ್ದು ಸರ್ವೋತ್ತಮನ ಸಮಿತಿ. ಆಮಂತ್ರಣದಲ್ಲಿ 'ಸನ್ಮಾನ ಸಮಾರಂಭ' ಎಂದು ದಪ್ಪಕ್ಷರದಲ್ಲಿತ್ತು, 'ನಂತರ ಸಂಗೀತ' ಎಂದು ಕೆಳಗೆ ಸಣ್ಣದಾಗಿ.

ಆರು ಗಂಟೆಯ ಕಾರ್ಯಕ್ರಮಕ್ಕೆ ಮುಖ್ಯ ಅತಿಥಿಗಳು ಬಂದದ್ದು ಆರು ಮುಕ್ಕಾಲಿಗೆ. ವೇದಿಕೆಯ ಮೇಲೆ ಎರಡು ಸಾಲು ಕುರ್ಚಿ. ಡ್ರಮ್‌ಸೆಟ್ಟನ್ನು ಹಿಂದಕ್ಕೆ ದೂಡಿ, ಅದಕ್ಕಡ್ಡವಾಗಿ ಸಮಿತಿಯ ಬ್ಯಾನರು ಕಟ್ಟಿದ್ದರು. ತಂಡದ ನಾಲ್ವರನ್ನು ನಡುವೆ ಕೂರಿಸಿದ್ದರು, ಮದುವೆಗೆ ಒಪ್ಪದ ಮದುಮಕ್ಕಳ ಹಾಗೆ. ಮ್ಯಾಕ್ಸಿಮ್‌ನ ತಲೆ ಬೋಳಾಗಿತ್ತು. ಡಾಲಿಯ ಕೂದಲು ಮೋಟಾಗಿ ಬೆಳ್ಳಗಾಗಿತ್ತು; ದಪ್ಪ ಕನ್ನಡಕ, ಎಡಗೈ ಮಣಿಕಟ್ಟಿಗೆ ಬಟ್ಟೆಯ ಪಟ್ಟಿ.

ಪ್ರಾರ್ಥನೆ ಆಯಿತು. ಸ್ವಾಗತ ಆಯಿತು. ದೀಪ ಹಚ್ಚಲು ಹೋದರೆ ಬೆಂಕಿಪೆಟ್ಟಿಗೆ ಇಲ್ಲ, ಅದನ್ನು ತರಲು ಒಬ್ಬ ಮಾರ್ಕೆಟ್ಟಿಗೆ ಓಡಿದ. ಆಮೇಲೆ ನಿರೂಪಕ ಚಿತ್ತರಂಜನ ಸನ್ಮಾನ ಪತ್ರ ಓದಲು ನಿಂತ. 'ನಾದಲೋಕದ ನಂದಾದೀಪಗಳೇ' ಎಂದು ಸುರುಮಾಡಿ ಪ್ರತಿಯೊಬ್ಬರಿಗೂ ಒಂದೊಂದು ಪುಟ. ಅವನು ಆ ತಂಡದ ಒಂದು ಹಾಡನ್ನಾದರೂ ಕೇಳಿದ್ದಿರಲಿಕ್ಕಿಲ್ಲ. ಕೇಳಿದ್ದರೆ ಡಾಲಿಯನ್ನು 'ಮದ್ದಳೆ ವಿದುಷಿ' ಎನ್ನುತ್ತಿರಲಿಲ್ಲ.

ಡಾಲಿಯ ಸರದಿ ಬಂದಾಗ ರತ್ನಾವತಿ ಹರಿವಾಣ ಹಿಡಿದು ಅವಳೆದುರು ನಿಂತಳು. ಸರ್ವೋತ್ತಮ ಶಾಲು ಹೊದೆಸಿ, ಹಾರ ಹಾಕಿ, ತೆಂಗಿನಕಾಯಿ ಸಮೇತ ಹಣ್ಣಿನ ಬುಟ್ಟಿಯನ್ನು ಕೈಗಿಟ್ಟು ಫೋಟೋದವನ ಕಡೆಗೆ ತಿರುಗಿ ಹಲ್ಲು ಕಿರಿದ. ಫೋಟೋ ಸರಿ ಬರಲಿಲ್ಲವೆಂದು ಇನ್ನೊಮ್ಮೆ ಹೊದೆಸಿದ. ಅವನು ಆಚೆ ಸರಿದ ಮೇಲೆ ಡಾಲಿ ತಗ್ಗಿದ ದನಿಯಲ್ಲಿ ಕೇಳಿದಳು.

"ನಮ್ಮದು ಎಷ್ಟು ಗಂಟೆಗೆ ಮ್ಯಾಡಮ್?"

"ಇವರದ್ದೆಲ್ಲ ಮುಗೀಬೇಕು ಬಾಯಮ್ಮ" ಎಂದಳು ರತ್ನಾವತಿ, ಕ್ರೈಸ್ತ ಹೆಂಗಸರನ್ನು ಊರಲ್ಲಿ ಕರೆಯುವ ರೀತಿಯಲ್ಲೇ.

"ಎಂಟೂವರೆಗೆ ಹಾಲ್ ಬಿಟ್ಟು ಕೊಡ್ಲಿಕ್ಕುಂಟಂತೆ, ನಾಳೆ ಇಲ್ಲಿ ಮದುವೆಯಂತೆ. ಈ ಬುಟ್ಟಿಯಾದ್ರೂ ಕೆಳಗೆ ಇಡ್ಬಹುದಾ? ಎಡಗೈ ಮರಗಟ್ಟುತ್ತದೆ. ಡಾಕ್ಟರ್ ಇನ್ನು ಕೋಲು ಮುಟ್ಲೇಬಾರ್ದು ಹೇಳಿದ್ದಾರೆ. ಊರಲ್ಲಿ ಒಮ್ಮೆ ನುಡಿಸಿ ನಿಲ್ಲಿಸ್ತೇನೆ ಅಂತ ನಾನೇ ಹಟ ಮಾಡಿ ಬಂದದ್ದು."

ರತ್ನಾವತಿ ಬುಟ್ಟಿಗೆ ಕೈ ಹಾಕಿದಳು. ಚಿತ್ತರಂಜನ ಓಡಿಬಂದ. "ಇಡ್ಲಿಕ್ಕಿಲ್ಲ ಅಕ್ಕ, ಗ್ರೂಪ್ ಫೋಟೋ ಉಂಟು" ಎಂದು ಬುಟ್ಟಿಯನ್ನು ಮತ್ತೆ ಡಾಲಿಯ ಮಡಿಲಿಗೇ ಇಟ್ಟ.

ಆಮೇಲೆ ಅತಿಥಿಗಳು ಮಾತಾಡಿದರು. ಒಬ್ಬರು ತಮ್ಮ ಅಜ್ಜನ ಬಗ್ಗೆ. ಇನ್ನೊಬ್ಬರು ಪಾಶ್ಚಾತ್ಯ ಸಂಸ್ಕೃತಿಯಿಂದ ಯುವಕರು ಕೆಡುತ್ತಿರುವ ಬಗ್ಗೆ, ಅದೂ ರಾಕ್ ತಂಡವನ್ನು ಪಕ್ಕದಲ್ಲಿ ಕೂರಿಸಿಕೊಂಡು. ಹಿಂದಿನ ಸಾಲುಗಳಿಂದ "ಮ್ಯೂಸಿಕ್! ಮ್ಯೂಸಿಕ್!" ಎಂಬ ಕೂಗೆದ್ದಿತು. ಶಿಳ್ಳೆ ಬಿತ್ತು. ಗಡಿಯಾರ ಎಂಟು ದಾಟಿತು. ರತ್ನಾವತಿ ಬದಿಯಲ್ಲಿ ಖಾಲಿ ಹರಿವಾಣ ಹಿಡಿದು ನಿಂತೇ ಇದ್ದಳು. ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲವೆಂದು ಅವಳಿಗೆ ಖಾತ್ರಿಯಾಗುತ್ತ ಬಂತು. ಡಾಲಿ ಬುಟ್ಟಿಯ ಕೆಳಗೆ ಎಡಗೈ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸುತ್ತಿದ್ದುದು ರತ್ನಾವತಿಯೊಬ್ಬಳಿಗೇ ಕಾಣುತ್ತಿತ್ತು.

ಎಂಟೂ ಐದಕ್ಕೆ ಅಧ್ಯಕ್ಷರ ಭಾಷಣ. ಸರ್ವೋತ್ತಮ ಶಾಲು ಸರಿಮಾಡಿಕೊಂಡ. ಅವನೂ ಒಂದು ಹೊದ್ದಿದ್ದ, ತಾನೇ ತರಿಸಿದ್ದು.

"ಇವರನ್ನು ನಾನು ಇವತ್ತು ಕಂಡದ್ದಲ್ಲ. ಊರೆಲ್ಲ ಇವರನ್ನು ಬೈಯುವಾಗ ಬೆನ್ನಿಗೆ ನಿಂತವರು ಯಾರು? ನಾವು. ನಮ್ಮ ಮನೆಯ ಹೆಣ್ಣುಮಕ್ಕಳನ್ನು ನಾನೇ ಇವರ ಪ್ರೋಗ್ರಾಮಿಗೆ ಕರ್ಕೊಂಡು ಹೋಗ್ತಿದ್ದೆ. ಆ ಕಾಲದಲ್ಲಿ ಯಾರು ಕರ್ಕೊಂಡು ಹೋಗ್ತಿದ್ರು ಹೇಳಿ? ಬೇಕಾದ್ರೆ ನನ್ನ ತಂಗಿ ಇಲ್ಲಿಯೇ ಇದ್ದಾಳೆ, ಅವಳನ್ನೇ ಕೇಳಿ."

ಸಭೆ ಚಪ್ಪಾಳೆ ತಟ್ಟಿತು. ಡಾಲಿ ತಲೆಯೆತ್ತಿ ಮೊದಲು ಸರ್ವೋತ್ತಮನನ್ನು ನೋಡಿದಳು, ಆಮೇಲೆ ರತ್ನಾವತಿಯನ್ನು. ಅವಳ ನೋಟ ರತ್ನಾವತಿಯ ಜಡೆಯ ಮೇಲೆ ನಿಂತಿತು. ಗುರುತು ಸಿಕ್ಕಿತು. ಚಿತ್ತರಂಜನ ಉತ್ಸಾಹದಿಂದ ಮೈಕು ತಂದು ರತ್ನಾವತಿಯ ಕೈಗೆ ಕೊಟ್ಟ. "ಎರಡು ಮಾತು ಹೇಳಿ ಅಕ್ಕ."

ಹೇಳಲು ಎರಡಲ್ಲ, ಎರಡು ಸಾವಿರ ಮಾತಿದ್ದವು. ಅಡಿಗೆಮನೆಯಲ್ಲಿ, ಬಸ್ಸಿನಲ್ಲಿ, ನಿದ್ದೆ ಬಾರದ ಹಾಸಿಗೆಯಲ್ಲಿ ಇಪ್ಪತ್ತೊಂದು ವರ್ಷ ತಿದ್ದಿ ತೀಡಿ ಇಟ್ಟ ಮಾತುಗಳು. ಊರಿನ ಗಣ್ಯರೆಲ್ಲ ಎದುರಿಗಿದ್ದರು, ಮೈಕು ಕೈಯಲ್ಲಿತ್ತು, ಅಣ್ಣ ನಗುತ್ತ ನಿಂತಿದ್ದ. ಇಂಥ ಗಳಿಗೆ ಇನ್ನೊಮ್ಮೆ ಬರುವುದಿಲ್ಲ. ಅವಳು ಬಾಯಿ ತೆರೆದಳು. ಗೋಡೆಯ ಗಡಿಯಾರ ಕಾಣಿಸಿತು. ಎಂಟೂ ಹದಿನೈದು. ತಾನು ಆಡುವ ಒಂದೊಂದು ಮಾತೂ ಡಾಲಿಯ ಪಾಲಿನ ಹೊತ್ತನ್ನು ತಿನ್ನುತ್ತದೆಂದು ಅವಳಿಗೆ ಆಗ ಹೊಳೆಯಿತು. ಬೈಯುವ ಸುಖವನ್ನೂ ಈ ಅಣ್ಣ ತನಗೆ ಉಳಿಸಲಿಲ್ಲ!

"ಹೌದು," ಎಂದಳು. "ಅರವತ್ತೇಳರಲ್ಲಿ ಇದೇ ಡಾಲಿ ಬಾಯಮ್ಮನ ಎದುರಿಂದ ನನ್ನನ್ನು ಜಡೆ ಹಿಡಿದು ಎಳ್ಕೊಂಡು ಹೋದದ್ದು ಇವರೇ. ಉಳಿದದ್ದು ಆಮೇಲೆ. ಈಗ ಎಲ್ಲರೂ ಕುರ್ಚಿ ಬಿಟ್ಟು ಏಳಿ."

ಯಾರೂ ಏಳಲಿಲ್ಲ. ನಾಟಕದ ಮಾತೋ ನಿಜವೋ ಎಂದು ಅವರಿಗೆ ತಿಳಿಯಲಿಲ್ಲ. ರತ್ನಾವತಿ ಹರಿವಾಣವನ್ನು ನೆಲಕ್ಕೆ ಬಿಟ್ಟಳು. ಆ ಸದ್ದಿಗೆ ಮುಖ್ಯ ಅತಿಥಿಗಳು ಬೆಚ್ಚಿ ಎದ್ದರು. ಎದ್ದದ್ದೇ ತಡ, ಅವರ ಕುರ್ಚಿಯನ್ನು ಎತ್ತಿ ಬದಿಗೆ ಎಸೆದಳು. ಡಾಲಿಯ ಮಡಿಲಿನಿಂದ ಬುಟ್ಟಿ ತೆಗೆದು ಚಿತ್ತರಂಜನನ ಎದೆಗೆ ಒತ್ತಿ ಹಿಡಿಸಿದಳು. "ನಿಮಗೆ ಅಷ್ಟು ಆಸೆಯಿದ್ರೆ ನೀವೇ ಹಿಡ್ಕೊಳ್ಳಿ." ಬ್ಯಾನರಿನ ಒಂದು ಕಡೆಯ ಹಗ್ಗವನ್ನು ಅವಳು ಎಳೆದಳು, ಇನ್ನೊಂದನ್ನು ಮ್ಯಾಕ್ಸಿಮ್ ಬಂದು ಬಿಚ್ಚಿದ. ಹಿಂದಿನ ಸಾಲಿನವರು ವೇದಿಕೆಗೆ ಹತ್ತಿ ಉಳಿದ ಕುರ್ಚಿಗಳನ್ನು ಇಳಿಸಿದರು. ಸರ್ವೋತ್ತಮ "ರತ್ನಾ, ಎಂತ ಇದು? ರತ್ನಾ!" ಎನ್ನುತ್ತಲೇ ಇದ್ದ. ಅವನ ಹತ್ತಿರ ಮೈಕಿರಲಿಲ್ಲ, ಹಾಗಾಗಿ ಯಾರಿಗೂ ಕೇಳಲಿಲ್ಲ.

ಎಂಟೂ ಹದಿನೇಳಕ್ಕೆ ಡಾಲಿ ಡ್ರಮ್ಮಿನ ಹಿಂದೆ ಕೂತಳು. ಹಾಡು ಬೇಡವೆಂದು ಮ್ಯಾಕ್ಸಿಮ್‌ಗೆ ಕೈಯಲ್ಲೇ ಹೇಳಿ ಎರಡೂ ಕೋಲು ಎತ್ತಿದಳು.

ರತ್ನಾವತಿ ಮೂರು ಅಡಿ ದೂರದಲ್ಲಿ ವೇದಿಕೆಯ ಹಲಗೆಯ ಮೇಲೆಯೇ, ರೇಷ್ಮೆ ಸೀರೆಯಲ್ಲಿ, ಚಕ್ಕಳಮಕ್ಕಳ ಹಾಕಿ ಕೂತಳು. ಮೊದಲ ಪೆಟ್ಟುಗಳು ಹಲಗೆಯಿಂದ ಅವಳ ಮೈಗೆ ಹತ್ತಿದವು. ಬಲಗೈ ಸಣ್ಣಗೆ, ಬಿಡುವಿಲ್ಲದೆ ಓಡುತ್ತಿತ್ತು. ಎಡಗೈ ನಡುನಡುವೆ ಬಂದು ಅದನ್ನು ತಡೆಯುತ್ತಿತ್ತು, ಕೆಣಕುತ್ತಿತ್ತು. ಅವಳಿಗೆ ಅಳು ಬಂತು, ಅಳುವಷ್ಟು ಹೊತ್ತು ಕೇಳುವುದು ತಪ್ಪುತ್ತದೆಂದು ಅದನ್ನು ನುಂಗಿಕೊಂಡಳು. ಐದು ನಿಮಿಷ, ಆರು ನಿಮಿಷ. ವೇಗ ಏರಿತು. ಸಭೆಯೂ ಎದ್ದು ನಿಂತಿತು. ಇನ್ನೇನು ಎರಡೂ ಕೈ ಒಟ್ಟಿಗೆ ಮೇಲೇರಬೇಕು ಎಂಬಲ್ಲಿ ಎಡಗೈ ಅರ್ಧಕ್ಕೆ ನಿಂತಿತು. ಕೋಲು ಜಾರಿ ಉರುಳಿತು. ಡಾಲಿ ಬಲಗೈಯೊಂದರಲ್ಲೇ ಸ್ವಲ್ಪ ಹೊತ್ತು ಎಳೆದಳು. ಆಮೇಲೆ ಅದನ್ನೂ ನಿಲ್ಲಿಸಿದಳು.

ಮುಗಿಯಿತೆಂದು ತಿಳಿದು ಸಭೆ ಮಂಟಪ ಹಾರಿಹೋಗುವಂತೆ ಚಪ್ಪಾಳೆ ಹೊಡೆಯಿತು. ರತ್ನಾವತಿ ಕೋಲು ಹೆಕ್ಕಿ ಕೊಡಲು ಹೋದಳು. ಡಾಲಿ ತೆಗೆದುಕೊಳ್ಳಲಿಲ್ಲ.

"ಇನ್ನೂ ಉಂಟು," ಎಂದಳು, ಏದುಸಿರಿನ ನಡುವೆ. "ಅರ್ಧ ಸಹ ಆಗ್ಲಿಲ್ಲ. ಚಂದದ್ದೆಲ್ಲ ಅಲ್ಲಿಂದ ಮತ್ತೆ ಬರುದು. ಆರು ಗಂಟೆಗೆ ಕೂರಿಸಿದ್ರೆ ನುಡಿಸ್ತಿದ್ದೆ ಮಗಾ. ಒಂದು ಗಂಟೆ ಆ ತೆಂಗಿನಕಾಯಿ ಹಿಡ್ಕೊಂಡು ಕೂತೆನಲ್ಲ, ಕೈ ಹೋಯ್ತು."

ಮ್ಯಾಕ್ಸಿಮ್ ಉಳಿದ ಹೊತ್ತಿನಲ್ಲಿ ಒಂದು ಹಾಡು ಹೇಳಿದ. ಎಂಟೂವರೆಗೆ ಸರಿಯಾಗಿ ಮಂಟಪದವರು ಬಾಳೆಗೊನೆ ಹೊತ್ತುಕೊಂಡು ಒಳಗೆ ಬಂದರು.

ಗೇಟಿನ ಹತ್ತಿರ ಸರ್ವೋತ್ತಮ ಕಾರಿನ ಬಾಗಿಲು ತೆರೆದು ನಿಂತಿದ್ದ. ಶಶಿಪ್ರಭಾ ಒಳಗೆ ಕೂತು ಮುಖ ಆಚೆ ತಿರುಗಿಸಿದ್ದಳು. ಅವನಿಗೆ ಕೋಪವಿರಲಿಲ್ಲ, ಅದೇ ವಿಚಿತ್ರ. ನೋವು ತಿಂದವನು ತಾನೇ ಎಂಬ ಮುಖ ಮಾಡಿಕೊಂಡಿದ್ದ.

"ಕೂತ್ಕೊ, ಮನೆಗೆ ಬಿಡ್ತೇನೆ. ಎಷ್ಟು ವರ್ಷದ ಹಿಂದಿನ ಮಾತು ರತ್ನಾ! ನನಗೆ ನೆನಪು ಸಹ ಇಲ್ಲ. ಅಷ್ಟು ಜನರ ಎದುರು ಹೇಳ್ಬೇಕಿತ್ತಾ? ಆಗ್ಲಿ, ಬಿಡು. ಈಗ ಕೇಳಿ ಆಯ್ತಲ್ಲ ನಿನಗೆ?"

"ಆಗ್ಲಿಲ್ಲ ಅಣ್ಣ."

"ಎಂತ ಆಗ್ಲಿಲ್ಲ? ಇನ್ನೊಂದು ಪ್ರೋಗ್ರಾಮ್ ಇಡುವ. ನಾನೇ ಇಡಿಸ್ತೇನೆ. ಭಾಷಣ ಎಲ್ಲ ಬೇಡ, ಬರೀ ಡ್ರಮ್."

ರತ್ನಾವತಿ ಅಣ್ಣನ ಮುಖವನ್ನೇ ನೋಡಿದಳು. ಅವನು ನಿಜವಾಗಿಯೂ ಇಡಿಸುವವನೇ. ಹಾಲ್ ಹಿಡಿಯುವವನು, ಜನ ಸೇರಿಸುವವನು, ಬೇಕಾದರೆ ಡಾಲಿಯನ್ನು ವಿಮಾನದಲ್ಲಿ ಕರೆಸುವವನು. ತಾನು ತೆಗೆದದ್ದನ್ನೆಲ್ಲ ತಿರುಗಿ ಕೊಡಬಹುದೆಂದು ಈ ಮನುಷ್ಯ ನಂಬಿದ್ದಾನೆ.

"ಇಡಿಸು," ಎಂದಳು. "ಡಾಲಿಗೆ ಪುನಃ ಇಪ್ಪತ್ತೆಂಟು ವರ್ಷ ಆಗ್ಬೇಕು. ನನಗೆ ಹತ್ತೊಂಬತ್ತು. ಯಾವಾಗ ಆಗ್ತದೆ ಹೇಳು, ನಾನು ಬರ್ತೇನೆ."

ಸರ್ವೋತ್ತಮ ಬಾಗಿಲನ್ನು ಹಿಡಿದುಕೊಂಡೇ ನಿಂತ. ರತ್ನಾವತಿ ಅವನನ್ನು ದಾಟಿ ಮಣ್ಣಗುಡ್ಡದ ಕಡೆಗೆ ನಡೆದಳು.