ರೇಣುಕಪ್ರಸಾದ್ ಕೂತಲ್ಲೇ ಜಾರಿದ್ದು

ಮಲ್ಲಂದೂರಿನ ಹತ್ತಿರ ಹತ್ತೆಕರೆ ಕಾಫಿ ತೋಟವಿದ್ದ ರೇಣುಕಪ್ರಸಾದ್ ಅವರಿಗೆ ಕಳೆ ಕಂಡರೆ ಆಗುತ್ತಿರಲಿಲ್ಲ. ಮನೆಯ ಹಿಂದಿನ ಇಳಿಜಾರಿನಲ್ಲಿ ಒಂದು ಹುಲ್ಲು ತಲೆಯೆತ್ತಿದರೂ ಯಾರೋ ಬೇಕಂತಲೇ ಅವಮಾನ ಮಾಡಿದ ಹಾಗೆ ಮುಖ ಕೆಂಪಾಗುತ್ತಿತ್ತು. ಹೋಂಸ್ಟೇ ಶುರು ಮಾಡಿದ ವರ್ಷ ಈ ಕಾಯಿಲೆ ಬಲಿಯಿತು. ಬಂದವರಿಗೆ ಕಣಿವೆ ಚೆನ್ನಾಗಿ ಕಾಣಬೇಕೆಂದು ಇಳಿಜಾರಿನ ಮೂರು ದೊಡ್ಡ ನೇರಳೆ ಮರಗಳನ್ನು ಕಡಿಸಿದರು. ಬುಡಗಳು ಮತ್ತೆ ಚಿಗುರಿದಾಗ ಕಳೆನಾಶಕ ಬಳಿಸಿದರು. ಕುರುಚಲನ್ನೆಲ್ಲ ಮಿಷನ್ನಿನಲ್ಲಿ ಹೊಡೆಸಿ ಗುಡ್ಡವನ್ನು ಹೊಸದಾಗಿ ಕ್ಷೌರ ಮಾಡಿಸಿದ ತಲೆಯಂತೆ ಮಾಡಿದರು. ಅದರ ನೆತ್ತಿಯಲ್ಲಿ ಸಿಮೆಂಟಿನ ಕಟ್ಟೆ, ನಾಲ್ಕು ಕಬ್ಬಿಣದ ಕಂಬ, ತಗಡಿನ ಸೂರು, ಎರಡು ಬೆತ್ತದ ಕುರ್ಚಿ. ‘ವ್ಯೂ ಪಾಯಿಂಟ್’ ಎಂದು ಬೋರ್ಡೂ ಬಂತು.

ಇಪ್ಪತ್ತೆರಡು ವರ್ಷದಿಂದ ಆ ತೋಟದ ಮೇಸ್ತ್ರಿಯಾಗಿದ್ದ ದೇವೀರಮ್ಮ ಮರ ಬಿದ್ದ ದಿನವೇ ಹೇಳಿದ್ದಳು.

“ಅಯ್ಯಾ, ಆ ಗುಡ್ಡನ ಹಿಡ್ಕೊಂಡಿದ್ದೇ ಆ ಮರ. ಬೇರು ಹೋದ್ರೆ ಮಣ್ಣು ನಿಲ್ಲಲ್ಲ.”

“ಗುಡ್ಡ ಎಲ್ಲಿಗೆ ಹೋಗ್ತದೆ ಮಾರಾಯ್ತಿ? ಬಸ್ ಹತ್ತಿ ಆಲ್ದೂರಿಗೆ ಹೋಗ್ತದಾ?”

ಆ ಮಳೆಗಾಲ ಗುಡ್ಡ ಎಲ್ಲಿಗೂ ಹೋಗಲಿಲ್ಲ. ಮಳೆ ಬಿಟ್ಟ ಮೇಲೆ ರೇಣುಕಪ್ರಸಾದ್ ಆಳುಗಳೆಲ್ಲ ಸೇರಿದ್ದಾಗ ದೇವೀರಮ್ಮನನ್ನು ಕರೆದು, “ಗುಡ್ಡ ಉಂಟಾ ಇಲ್ವಾ, ನೋಡಿ ಹೇಳು” ಎಂದರು.

“ಸತ್ತ ಬೇರೂ ಮೂರ್ನಾಲ್ಕು ವರ್ಷ ಹಿಡ್ಕೊಂಡಿರ್ತದೆ ಅಯ್ಯಾ. ಕೊಳೀಲಿ, ಆಮೇಲೆ ಕೇಳಿ” ಎಂದಳು ಅವಳು.

ಎರಡನೆಯ ವರ್ಷವೂ ಕೇಳಿದರು. ಮೂರನೆಯ ವರ್ಷವೂ ಕೇಳಿದರು. ಅವಳ ಉತ್ತರವೂ ಬದಲಾಗಲಿಲ್ಲ, ಅವರ ನಗುವೂ ಬದಲಾಗಲಿಲ್ಲ.

ನಾಲ್ಕನೆಯ ವರ್ಷ ಜುಲೈನಲ್ಲಿ ಹನ್ನೊಂದು ದಿನ ಬಿಡದೆ ಹೊಯ್ಯಿತು. ವ್ಯೂ ಪಾಯಿಂಟಿನ ಹಿಂದೆ ನೆಲದಲ್ಲಿ ಬೆರಳಗಲದ ಬಿರುಕು ಕಾಣಿಸಿತು. ರೇಣುಕಪ್ರಸಾದ್ ಅದಕ್ಕೆ ಅರ್ಧ ಬಾಂಡ್ಲಿ ಸಿಮೆಂಟು ಕಲಸಿ ತುಂಬಿ, ಕರಣೆಯಿಂದ ನುಣ್ಣಗೆ ಸವರಿದರು.

“ಸಿಮೆಂಟ್ ಮೆತ್ತಿದ್ರೆ ಗುಡ್ಡಕ್ಕೆ ಗೊತ್ತಾಗಲ್ಲ ಅಂದ್ಕೊಂಡ್ರಾ?” ಎಂದು ದೇವೀರಮ್ಮ ಕೇಳಿದಳು. ಅವರು ಇನ್ನೊಂದು ಕರಣೆ ಸಿಮೆಂಟು ಮೆತ್ತಿದರು.

ಮಾರನೆಯ ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟು ಹೊಳವಾಯಿತು. ಹೆಂಡತಿ ಕೃಷ್ಣಮ್ಮ ಕೊಟ್ಟ ಕಾಫಿ ಲೋಟ ಹಿಡಿದು ರೇಣುಕಪ್ರಸಾದ್ ವ್ಯೂ ಪಾಯಿಂಟಿನಲ್ಲಿ ಕೂತರು. ಎರಡು ಗುಟುಕು ಕುಡಿಯುವಷ್ಟರಲ್ಲಿ ಎದುರಿನ ಬೆಟ್ಟ ಮೇಲಕ್ಕೆ ಹೋಗುತ್ತಿರುವಂತೆ ಕಂಡಿತು. ಬಿ.ಪಿ. ಇರಬೇಕೆಂದು ಕಣ್ಣು ಮುಚ್ಚಿ ತೆರೆದರು. ಬೆಟ್ಟ ಇನ್ನಷ್ಟು ಮೇಲೆ ಹೋಗಿತ್ತು. ಹಿಂದೆ ನೋಡಿದರೆ ಅವರ ಮನೆಯೂ ಮೇಲೆ ಹೋಗುತ್ತಿತ್ತು. ಆಗ ತಿಳಿಯಿತು, ಹೋಗುತ್ತಿರುವುದು ತಾವು ಎಂದು.

ಗುಡ್ಡ ಕುಸಿದು ಬೀಳಲಿಲ್ಲ. ಮೊಸರಿನ ಗಡ್ಡೆ ಸೌಟಿನಿಂದ ಜಾರುವ ಹಾಗೆ ಇಡಿಯಾಗಿ, ನಿಧಾನಕ್ಕೆ ಇಳಿಯಿತು. ಕಟ್ಟೆ, ಕಂಬ, ಸೂರು, ಬೋರ್ಡು, ಇಳಿಜಾರಿನ ಅಂಚಿನ ಒಂದಷ್ಟು ಕಾಫಿ ಗಿಡ, ನಡುವೆ ರೇಣುಕಪ್ರಸಾದ್. “ಕೃಷ್ಣೀ!” ಎಂದು ಒಮ್ಮೆ ಕೂಗಿ, ಎರಡೂ ಕೈಯಲ್ಲಿ ಲೋಟ ಹಿಡಿದು, ಹೋಗುವಲ್ಲಿಗೆ ಹೋದರು.

ಹೋಗಿ ನಿಂತದ್ದು ಮಂಜಯ್ಯನವರ ತೋಟದಲ್ಲಿ. ಕೆಳಗಿನ ತೋಟದ ಮಂಜಯ್ಯನವರಿಗೂ ಇವರಿಗೂ ಆರು ವರ್ಷದಿಂದ ಮಾತಿರಲಿಲ್ಲ. ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಮಂಜಯ್ಯ, “ಪ್ರಸಾದಣ್ಣನ ಪಾರ್ಚ್‌ಮೆಂಟ್ ಕಾಫಿಬೀಜ ಬೂಸ್ಟು ವಾಸನೆ” ಎಂದು ಹೇಳಿದ್ದರು. ಅದಕ್ಕೆ ಪ್ರತಿಯಾಗಿ ಇವರು, ಮಂಜಯ್ಯನವರ ಬೇಲಿಸಾಲಿನ ವಾಟೆ ಬಿದಿರು, ಹಾಲುವಾಣ ಮತ್ತು ಹೆಸರಿಲ್ಲದ ಪೊದೆಗಳೆಲ್ಲ ಹಾವಿನ ಗೂಡು, ತೆಗೆಸಬೇಕು ಎಂದು ಪಂಚಾಯ್ತಿಗೆ ಅರ್ಜಿ ಬರೆದಿದ್ದರು. ಪುಣ್ಯಕ್ಕೆ ಅರ್ಜಿಯನ್ನು ಯಾರೂ ಓದಿರಲಿಲ್ಲ. ಈಗ ಜಾರಿ ಬಂದ ಮಣ್ಣೆಲ್ಲ ಬೇಲಿಯನ್ನು ಮುರಿದು, ಅದೇ ಪೊದೆಸಾಲಿಗೆ ಒತ್ತಿ, ಒಮ್ಮೆ ನರಳಿ ನಿಂತುಬಿಟ್ಟಿತು.

ಮಂಜಯ್ಯ ಕೊಡೆ ಹಿಡಿದು ಪೊದೆಯ ಆಚೆ ನಿಂತಿದ್ದರು. ಕೊಡೆ ಹಿಂದಕ್ಕೆ ಸರಿಸಿ ಕಟ್ಟೆ, ಕಂಬ, ಬೋರ್ಡು ಎಲ್ಲವನ್ನೂ ಒಂದೊಂದಾಗಿ ನೋಡಿದರು.

“ಬಂದ್ರಾ?” ಎಂದರು ಕೊನೆಗೆ.

“ಹೂಂ” ಎಂದರು ರೇಣುಕಪ್ರಸಾದ್.

“ಪೆಟ್ಟಾಯ್ತಾ?”

“ಇಲ್ಲ. ಕಾಫಿ ಚೆಲ್ಲಿತು.”

ಮೇಲಿನಿಂದ ಕೃಷ್ಣಮ್ಮನವರ ಅಳು, ಬೈಗುಳ ಎರಡೂ ಒಟ್ಟಿಗೆ ಕೇಳಿಸಿದವು. ಗಂಡ ಕೈ ಬೀಸಿದ್ದನ್ನು ಕಂಡ ಮೇಲೆ ಅಳು ನಿಂತು ಬೈಗುಳ ಮಾತ್ರ ಉಳಿಯಿತು. ಮಂಜಯ್ಯ ರೇಣುಕಪ್ರಸಾದರನ್ನು ಕೈಹಿಡಿದು ಇಳಿಸಿ, ಮನೆಗೆ ಕರೆದೊಯ್ದು ಒಣ ಪಂಚೆ ಕೊಟ್ಟರು. ರೇಣುಕಪ್ರಸಾದ್ ಅದನ್ನು ಎರಡು ಸಲ ತಿರುಗುಮುರುಗಾಗಿ ಉಟ್ಟರು. ಮೂರನೆಯ ಸಲ ಮಂಜಯ್ಯನವರೇ ಗಂಟು ಹಾಕಿಕೊಟ್ಟರು.

ಮಧ್ಯಾಹ್ನ ಅವರಿಬ್ಬರೂ ಪೊದೆಸಾಲಿನ ಬಳಿ ನಿಂತಿದ್ದಾಗ ದೇವೀರಮ್ಮ ಬಂದಳು. ಈಗ ಅವಳು ಏನು ಹೇಳುತ್ತಾಳೋ ಎಂದು ರೇಣುಕಪ್ರಸಾದ್ ಗುಡ್ಡ ಜಾರಿದಾಗಿನದಕ್ಕಿಂತ ಹೆಚ್ಚು ಹೆದರಿದ್ದರು. ಅವಳು ಮಣ್ಣಿನಿಂದ ಹೊರಗೆ ಚಾಚಿದ್ದ ತೋಳು ಗಾತ್ರದ ನೇರಳೆ ಬೇರೊಂದನ್ನು ಎಳೆದು ಅವರ ಕೈಗೆ ಕೊಟ್ಟಳು. ಅದು ಕಾಫಿಯಲ್ಲಿ ಅದ್ದಿದ ರಸ್ಕಿನಂತೆ ಅವರ ಬೆರಳುಗಳ ನಡುವೆ ಉದುರಿಹೋಯಿತು.

“ಇನ್ನೇನು ಮಾಡೋದೀಗ?” ಎಂದರು ಸಣ್ಣ ದನಿಯಲ್ಲಿ.

“ಮಳೆ ಕಮ್ಮಿಯಾಗೋ ತನಕ ಯಾರೂ ಅತ್ತ ಹೋಗೋದು ಬೇಡ. ಆಮೇಲೆ ಮೇಲಿಂದ ಬರೋ ನೀರಿಗೆ ಬೇರೆ ದಾರಿ ಮಾಡಾಣ. ಲಾವಂಚ ನೆಡಾಣ, ಗುಡ್ಡಕ್ಕೆ ಅಡ್ಡಕ್ಕೆ, ಒತ್ತೊತ್ತಾಗಿ. ಅದರ ಬೇರು ನೆಟ್ಟಗೆ ಆಳಕ್ಕೆ ಇಳೀತದೆ. ನಡುನಡುವೆ ನೇರಳೆ ಸಸಿ. ಕಳೆ ಯಾರೂ ಕೀಳಂಗಿಲ್ಲ. ನೀವೂ ಅಷ್ಟೇ.”

“ನಾನೂನಾ?”

“ನೀವೇ ಮುಖ್ಯವಾಗಿ.”

ಇದರ ನಡುವೆ ಒಂದು ತಕರಾರು ಹುಟ್ಟಿತು. ಜಾರಿ ಬಂದ ಮಣ್ಣಿನ ಮೇಲೆ ಇಪ್ಪತ್ತೇಳು ರೊಬಸ್ಟಾ ಗಿಡಗಳು ಅಲುಗಾಡದೆ ನಿಂತಿದ್ದವು, ತುಂಬ ಕಾಯಿ. ಗಿಡ ನನ್ನದು ಎಂದರು ರೇಣುಕಪ್ರಸಾದ್. ಜಾಗ ನನ್ನದು ಎಂದರು ಮಂಜಯ್ಯ. ಮಣ್ಣೂ ನನ್ನದೇ ಎಂದರು ಇವರು. ಹಾಗಾದರೆ ವಾಪಸ್ ಮೇಲೆ ತಗೊಂಡು ಹೋಗಿ ಎಂದರು ಅವರು. ದಿನಾ ಬೆಳಿಗ್ಗೆ ಈ ಜಗಳಕ್ಕೆಂದೇ ಇಬ್ಬರೂ ಭೇಟಿಯಾಗತೊಡಗಿದರು. ಒಂದು ದಿನ ರೇಣುಕಪ್ರಸಾದ್ ಬಾರದಿದ್ದಾಗ, ಜ್ವರವೇನೋ ಎಂದು ಮಂಜಯ್ಯ ವಿಚಾರಿಸಿಕೊಂಡು ಹೋದರು. ದೇವೀರಮ್ಮ ಕೊನೆಗೆ, “ಹಣ್ಣಾಗ್ಲಿ, ನಾನು ಕುಯ್ಯಿಸಿ ಅರ್ಧರ್ಧ ಕಳಿಸ್ತೀನಿ. ಈಗ ಇಬ್ಬರೂ ಗುದ್ದಲಿ ಹಿಡೀರಿ” ಎಂದಳು.

ಸೆಪ್ಟೆಂಬರಿನ ಹದ ಮಳೆಯಲ್ಲಿ ಲಾವಂಚ ನೆಟ್ಟರು. ವರ್ಷ ತುಂಬುವುದರೊಳಗೆ ರೇಣುಕಪ್ರಸಾದ್ ಬೇರಿನ ವಿಷಯದಲ್ಲಿ ಸಹಿಸಲಾರದಷ್ಟು ಪಂಡಿತರಾದರು. ಹೋಂಸ್ಟೇಗೆ ಬಂದವರನ್ನು ತಿಂಡಿಗೂ ಮೊದಲು ಗುಡ್ಡಕ್ಕೆ ಕರೆದೊಯ್ದು ಲಾವಂಚದ ಬುಡ ತೋರಿಸಿ, “ಕೀಳಿ ನೋಡೋಣ” ಎನ್ನುತ್ತಿದ್ದರು. ಜಿಮ್ಮಿಗೆ ಹೋಗುವ ಒಬ್ಬ ಯುವಕ ಎರಡು ಕೈಯಲ್ಲಿ ಹಿಡಿದು ಜಗ್ಗಿ, ಒಂದು ಹಿಡಿ ಎಲೆಯೊಂದಿಗೆ ಹಿಂದಕ್ಕೆ ಕೂತುಬಿಟ್ಟ. ಬುಡ ಅಲುಗಲಿಲ್ಲ. ಗೆದ್ದದ್ದು ಲಾವಂಚ, ಬೀಗಿದ್ದು ರೇಣುಕಪ್ರಸಾದ್.

ಮುಂದಿನ ಜುಲೈ ಮತ್ತೆ ಜೋರು ಮಳೆ. ಬೆಳಗಾಗುತ್ತಲೇ ಅವರು ಕೊಡೆ ಹಿಡಿದು ಓಡಿದರು. ಕೆಳಗೆ ಮಂಜಯ್ಯ ಆಗಲೇ ಮೇಲೆ ನೋಡುತ್ತ ನಿಂತಿದ್ದರು. ಗುಡ್ಡ ನಿಂತಿತ್ತು. ಮನೆ ಕಡೆಯ ಮೂಲೆಯಲ್ಲಿ ಮಾತ್ರ ಎರಡು ಕೊರಕಲು ಬಿದ್ದು ಮಣ್ಣು ಕೊಚ್ಚಿಹೋಗಿತ್ತು. ಅಲ್ಲಿ ಲಾವಂಚದ ಮೂರು ಸಾಲು ಅಡ್ಡಕ್ಕಿರದೆ, ಮೇಲಿಂದ ಕೆಳಕ್ಕೆ, ಬೈತಲೆ ತೆಗೆದ ಹಾಗೆ ನೇರ ಇದ್ದವು.

ದೇವೀರಮ್ಮ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು. “ಇದು ಯಾರ ಕೆಲಸ?”

ರೇಣುಕಪ್ರಸಾದ್ ಮಂಜಯ್ಯನವರ ಕಡೆ ನೋಡಿದರು. ಮಂಜಯ್ಯ ಕೆಳಗಿನಿಂದಲೇ ಕೊಡೆಯ ತುದಿಯನ್ನು ನೇರವಾಗಿ ರೇಣುಕಪ್ರಸಾದರ ಕಡೆ ತೋರಿಸಿದರು.

“ಮನೆಯಿಂದ ನೋಡಿದ್ರೆ ಲಕ್ಷಣವಾಗಿ ಕಾಣ್ತಿತ್ತು” ಎಂದರು ರೇಣುಕಪ್ರಸಾದ್.

“ಕಿತ್ತು ಅಡ್ಡಕ್ಕೆ ನೆಡಿ” ಎಂದು ದೇವೀರಮ್ಮ ಗುದ್ದಲಿಯನ್ನು ಅವರ ಕೈಗಿತ್ತು, ಕೊಡೆಯನ್ನು ತಾನು ತೆಗೆದುಕೊಂಡಳು. ಅವರು ಪಂಚೆ ಮೇಲೆ ಕಟ್ಟಿ ಮೊದಲ ಬುಡವನ್ನು ಅಗೆಯತೊಡಗಿದರು. ಅದು ಬರಲಿಲ್ಲ. ಕಾಲು ಗಂಟೆ ಅಗೆದರೂ ಬರಲಿಲ್ಲ.