ಈಶಾನ್ಯದಲ್ಲಿ ಕಸದ ಬುಟ್ಟಿ

ಭದ್ರಾವತಿಯ ನ್ಯೂ ಟೌನ್‌ನಲ್ಲಿ ನಿವೃತ್ತ ನೌಕರರ ಸಂಘದವರು ಒಂದು ಉಚಿತ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಾರೆ. ಪಾಠ ಹೇಳುವವಳು ನಾನು, ಸುಪ್ರಿಯಾ. ಇರುವುದು ಯಾರೋ ದಾನ ಕೊಟ್ಟ ಆರು ಹಳೆಯ ಕಂಪ್ಯೂಟರ್. ವಿಂಡೋಸ್ ಎಳೆಯಲಾರದೆ ಅವು ಏದುಸಿರು ಬಿಡುತ್ತಿದ್ದವು. ಸಂಘದ ಅಧ್ಯಕ್ಷ ಉಜ್ಜನಪ್ಪನವರು ಶಿವಮೊಗ್ಗದ ಗೋಪಾಳದಿಂದ ತಮ್ಮ ತಂಗಿಯ ಮಗ ಜ್ಞಾನೇಶನನ್ನು ಕರೆಸಿದರು. ಅವನು ವಿಂಡೋಸ್ ತೆಗೆದು ಹಗುರವಾದ ಲಿನಕ್ಸ್ ಹಾಕಿದ, ಯಂತ್ರಗಳು ಚುರುಕಾದವು. ಅಲ್ಲಿಗೇ ನಿಲ್ಲಿಸಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಲಿನಕ್ಸ್ ಒಂದೇ ಆದರೂ ಅದಕ್ಕೆ ಮುಖ ಹಲವು, ಯಾವ ಡೆಸ್ಕ್‌ಟಾಪ್, ಅಂದರೆ ಪರದೆಯ ರೂಪ, ಬೇಕೋ ಆರಿಸಿಕೊಂಡು ಇಷ್ಟ ಬಂದ ಹಾಗೆ ಸಿಂಗರಿಸಬಹುದು ಎಂದು ಅವನು ಬಾಯಿಬಿಟ್ಟ. ಆರಿಸಬಹುದು ಎಂದ ಮೇಲೆ ನಮ್ಮ ಸಮಿತಿ ಸುಮ್ಮನಿರುತ್ತದೆಯೇ? ಮೀಟಿಂಗ್ ಕರೆದು ಖಾರಾ ಮಂಡಕ್ಕಿ ತರಿಸಿತು.

ಈ ಗದ್ದಲದಲ್ಲಿ ನಿಜವಾಗಿ ಕಂಪ್ಯೂಟರ್ ಬೇಕಾಗಿದ್ದದ್ದು ಹಾಲಮ್ಮಕ್ಕನಿಗೆ. ಓಲ್ಡ್ ಟೌನಿನ ಒಂದು ಖಾಸಗಿ ಶಾಲೆಯಲ್ಲಿ ಅವಳು ಆಯಾ. ನೆಲ ಒರೆಸಿ ಒರೆಸಿ ಮಂಡಿ ಸವೆದಿತ್ತು. ಶಾಲೆಯ ಆಫೀಸಿನಲ್ಲಿ ಒಂದು ಜಾಗ ಖಾಲಿಯಾಗಿತ್ತು. ಪಿಯುಸಿ ಓದಿದ್ದ ಅವಳು ಒಂದು ಪತ್ರ ಟೈಪ್ ಮಾಡಿ, ಸೇವ್ ಮಾಡಿ, ಪ್ರಿಂಟ್ ತೆಗೆದು ತೋರಿಸಿದರೆ ಆ ಜಾಗ ಅವಳದು, ಇಲ್ಲದಿದ್ದರೆ ಹೊರಗಿನವರದು.

"ಕೂತು ಮಾಡೋ ಕೆಲ್ಸ ಒಂದು ಸಿಕ್ರೆ ಸಾಕು ಮೇಡಂ, ಈ ಮಂಡಿ ಇನ್ನು ಬಗ್ಗಲ್ಲ," ಎಂದಿದ್ದಳು.

ಮೊದಲು ಗ್ನೋಮ್ ಎಂಬ ಡೆಸ್ಕ್‌ಟಾಪ್ ಬಂತು. ಮೇಲೊಂದು ಕರಿ ಪಟ್ಟಿ ಬಿಟ್ಟರೆ ಪರದೆಯಲ್ಲಿ ಏನೂ ಇಲ್ಲ. "ಏನೋ ಇದು, ಬಾಡಿಗೆಯವರು ಖಾಲಿ ಮಾಡಿದ ಮನೆ ಥರ ಬಿಕೋ ಅಂತಿದೆ," ಎಂದು ಉಜ್ಜನಪ್ಪನವರು ಮೂಗು ಮುರಿದರು. ಮರುವಾರ ಕೆಡಿಇ ಬಂತು. ಅದರಲ್ಲಿ ತೆರೆದ ಚೌಕವನ್ನು ಪಕ್ಕಕ್ಕೆ ಎಳೆದರೆ ಸೀರೆ ಸೆರಗಿನಂತೆ ಬಳುಕುತ್ತಿತ್ತು. ಹಾಲಮ್ಮಕ್ಕ ಬೆಚ್ಚಿ, "ನಾನೇನೂ ಮಾಡಿಲ್ಲ ಮೇಡಂ!" ಎಂದು ಕೈ ಹಿಂದಕ್ಕೆಳೆದುಕೊಂಡಳು.

ಅಷ್ಟರಲ್ಲಿ ಉಜ್ಜನಪ್ಪನವರು ಪರದೆಯ ಹತ್ತಿರ ಬಗ್ಗಿ ನೋಡಿದವರೇ ಕೂಗಿಕೊಂಡರು.

"ಅಯ್ಯೋ, ಕಸದ ಬುಟ್ಟಿ ಈಶಾನ್ಯದಲ್ಲಿ ಇಟ್ಟಿದ್ದೀಯಲ್ಲೋ! ದೇವಮೂಲೆ ಅದು! ಸಂಘ ಉದ್ಧಾರ ಆಗುತ್ತೇನೋ?"

ಬುಟ್ಟಿ ಎಂದರೆ ಅಳಿಸಿದ್ದೆಲ್ಲ ಹೋಗಿ ಬೀಳುವ ಜಾಗದ ಚಿತ್ರ, ಉಗುರಿನಷ್ಟು ದೊಡ್ಡದು. ಬಲಗಡೆ ಮೇಲ್ಮೂಲೆಯಲ್ಲಿತ್ತು. ಭೂಪಟದಲ್ಲಿ ಅದು ಈಶಾನ್ಯವೇ, ಆದರೆ ಪರದೆ ಭೂಪಟವಲ್ಲವಲ್ಲ ಎಂದು ಒಬ್ಬರು ತಗಾದೆ ತೆಗೆದರು. ಫೋನಿನಲ್ಲಿ ದಿಕ್ಸೂಚಿ ಹಚ್ಚಿ ನೋಡಿದರು. ಕೊನೆಗೆ ಬುಟ್ಟಿ ದಕ್ಷಿಣಕ್ಕೆ, ಮೆನು ಉತ್ತರಕ್ಕೆ ಬರಲೆಂದು ಪೂರ್ವದ ಗೋಡೆಯ ಮೂರು ಕಂಪ್ಯೂಟರಿಗೆ ಬುಟ್ಟಿ ಬಲಗಡೆ, ಮೆನು ಎಡಗಡೆ; ಪಶ್ಚಿಮದ ಗೋಡೆಯ ಮೂರಕ್ಕೆ ಬುಟ್ಟಿ ಎಡಗಡೆ, ಮೆನು ಬಲಗಡೆ ಎಂದು ಸರ್ವಾನುಮತದಿಂದ ತೀರ್ಮಾನವಾಯಿತು. ಕಾರ್ಖಾನೆಯಲ್ಲಿ ಎಂಜಿನಿಯರುಗಳಾಗಿ ನಿವೃತ್ತರಾದವರು ಇವರು! ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬಂತಾಯಿತು ನನ್ನ ಪಾಡು.

"ಮೇಡಂ, ನಿನ್ನೆ ಮೆನು ಈ ಕಡೆ ಇತ್ತಲ್ಲ?" ಎಂದಳು ಹಾಲಮ್ಮಕ್ಕ.

"ಉತ್ತರಕ್ಕೆ ಹೋಯ್ತು ಹಾಲಮ್ಮಕ್ಕ."

ಜ್ಞಾನೇಶನನ್ನು ಹಿಡಿದು ನಿಲ್ಲಿಸಿದೆ. "ಮಾರಾಯ, ಹಾಲಮ್ಮಕ್ಕನ ಪರೀಕ್ಷೆ ಮುಗಿಯೋವರೆಗೆ ಒಂದೇ ಥರ ಬಿಟ್ಟುಬಿಡೋ. ಕೈ ಮುಗಿತೀನಿ."

"ಲಿನಕ್ಸ್ ಅಂದ್ರೆ ಸ್ವಾತಂತ್ರ್ಯ ಮೇಡಂ. ಬಂದ ಹಾಗೇ ಇಟ್ಕೊಂಡ್ರೆ ನಮ್ಮ ಗ್ರೂಪಲ್ಲಿ ನಗ್ತಾರೆ."

ಅವನ ಸ್ವಾತಂತ್ರ್ಯಕ್ಕಿಷ್ಟು ಬೆಂಕಿ ಹಾಕ! ಪರದೆಯ ಫೋಟೊ ಗ್ರೂಪಿಗೆ ಹಾಕಿ ನಾಲ್ಕು ಜನರಿಂದ ಭೇಷ್ ಅನ್ನಿಸಿಕೊಳ್ಳುವುದಷ್ಟೇ ಅವನಿಗೆ ಬೇಕಾಗಿದ್ದದ್ದು.

ಪರೀಕ್ಷೆಯ ಹಿಂದಿನ ದಿನ ಹಾಲಮ್ಮಕ್ಕ ಕೊನೆಯ ಸಲ ಅಭ್ಯಾಸ ಮಾಡಲು ಬಂದಳು. ಆರೂ ಪರದೆಗಳಲ್ಲಿ ಮಂಜು ಮುಸುಕಿದ ಬೆಟ್ಟ, ಅದರ ಮೇಲೊಂದು ಗಡಿಯಾರ. ಮೆನು ಯಾವ ದಿಕ್ಕಿನಲ್ಲೂ ಇಲ್ಲ. ಜ್ಞಾನೇಶನಿಗೆ ಫೋನ್ ಮಾಡಿದೆ.

"ಬೆಳಿಗ್ಗೆ ಬಂದು ಹೊಸದು ಹಾಕಿದ್ದೀನಿ ಮೇಡಂ. ಇದಕ್ಕೆ ಮೌಸೇ ಬೇಡ, ಎಲ್ಲಾ ಕೀಬೋರ್ಡಲ್ಲೇ. ವಿಂಡೋಸ್ ಗುರುತಿನ ಕೀ ಹಿಡ್ಕೊಂಡು ಎಂಟರ್ ಒತ್ತಿ."

ಕೀಬೋರ್ಡ್ ನೋಡಿದೆ. ಆ ಕೀ ಇರಬೇಕಾದ ಕಡೆ ತೂತಿತ್ತು.

"ಹೋದ ವಾರ ಅದನ್ನ ಕಿತ್ತು ಬಿಸಾಕಿದವನು ನೀನೇ ಅಲ್ವೇನೋ! ಲಿನಕ್ಸ್ ಇರೋ ಕಡೆ ವಿಂಡೋಸ್ ಗುರುತು ಯಾಕೆ ಅಂತ!"

"ಪಿನ್ನಲ್ಲಿ ಒತ್ತಿ ನೋಡಿ ಮೇಡಂ," ಎಂದ.

ಹಾಲಮ್ಮಕ್ಕ ತಲೆಯ ಪಿನ್ ತೆಗೆದುಕೊಟ್ಟಳು. ಒತ್ತಿದೆ. ಒಂದು ಕಪ್ಪು ಚೌಕ ತೆರೆದುಕೊಂಡಿತು, ಅಷ್ಟೇ. ಅದರಲ್ಲಿ ಏನು ಟೈಪ್ ಮಾಡಬೇಕೆಂದು ನನಗೂ ಗೊತ್ತಿರಲಿಲ್ಲ. ಫೋನ್ ಮಾಡಿದರೆ ಜ್ಞಾನೇಶ ಎತ್ತಲಿಲ್ಲ. ನನಗೆ ಅವಮಾನದಿಂದ ಅಳುವೇ ಬಂತು. "ಇರ್ಲಿ ಬಿಡಿ ಮೇಡಂ, ಬಂದಷ್ಟು ಬರ್ಲಿ," ಎಂದು ನನ್ನನ್ನೇ ಸಮಾಧಾನ ಮಾಡಿ ಹಾಲಮ್ಮಕ್ಕ ಬಸ್ಸಿಗೆ ಹೋದಳು.

ಪರೀಕ್ಷೆ ಮುಗಿಸಿ ಅವಳು ನೇರ ಕೇಂದ್ರಕ್ಕೇ ಬಂದಳು. ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಪತ್ರ ತಪ್ಪಿಲ್ದೆ ಟೈಪ್ ಮಾಡ್ದೆ ಮೇಡಂ. ಸೇವ್ ಮಾಡಿ ಅಂದ್ರು. ಯಾವ ಮೂಲೆಗೆ ಹೋಗ್ಲಿ ಅಂತ ತಿಳೀಲಿಲ್ಲ. ಗಾಬ್ರಿಲಿ ಏನೋ ಒತ್ತಿದೆ, ಎಲ್ಲಾ ಹೋಯ್ತು. ಆಮೇಲೆ ಬಂದ ಹುಡುಗಿಗೆ ಕೊಟ್ರು."

ನಾನು ಬಾಯಿ ತೆರೆಯುವ ಮೊದಲೇ ಉಜ್ಜನಪ್ಪನವರು ಹೂವಿನ ಹಾರಗಳೊಂದಿಗೆ ಒಳಗೆ ಬಂದರು.

"ಓಹೋ ಹಾಲಮ್ಮ, ಸರಿಯಾದ ಹೊತ್ತಿಗೆ ಸಿಕ್ಕಿದೆ. ನಾಳೆ ನಮ್ಮ ಹೊಸ ಡೆಸ್ಕ್‌ಟಾಪ್ ಉದ್ಘಾಟನೆ. ಈ ನೆಲ ಒಂದ್ಸಲ ಒರೆಸಿಕೊಡಮ್ಮ, ನಿನ್ನಷ್ಟು ಚೆನ್ನಾಗಿ ಯಾರು ಒರೆಸ್ತಾರೆ?"

ಹಾಲಮ್ಮಕ್ಕ ಅವರನ್ನೇ ನೋಡಿದಳು. "ಒರೆಸೋಕೆ ಮಾತ್ರ ಲಾಯಕ್ಕು ಅಂತ ಮೊದ್ಲೇ ಹೇಳಿದ್ರೆ ಕಲಿಯೋಕೆ ಬರ್ತಾನೇ ಇರ್ಲಿಲ್ಲ ಸಾರ್," ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು.

"ಏನು ಸುಪ್ರಿಯಾ ಇದು? ಬಿಟ್ಟಿ ಕಲಿಸಿದ್ದಕ್ಕೆ ಇಷ್ಟು ಉಪಕಾರನೂ ಬೇಡ್ವಾ?"

ಬಾಗಿಲ ಹಿಂದಿದ್ದ ಒರೆಸುವ ಬಟ್ಟೆ ತಂದು ಅವರ ಕೈಗಿಟ್ಟೆ.

"ನಿಂತ್ಕೊಂಡು ಆಗಲ್ಲ ಸಾರ್, ಮಂಡಿ ಊರಬೇಕು," ಎಂದೆ.