ಗಂಟೆಗೆ ಆರುನೂರು

“ಮುನ್ನೂರು ಅಂದ್ರ ಮುನ್ನೂರು. ತೊಳಿಯಾಕ ಬಂದೋಳು ತೊಳದು ಹೋಗಬೇಕು. ರೇಟು ಹೇಳಾಕ ನೀನೇನು ಬಂಕಿನ ಮಾಲಕಳೇನಬೇ?”

ಟ್ರ್ಯಾಕ್ಟರಿನ ಯಜಮಾನ ನೋಟುಗಳನ್ನು ಎರ್ರೆಮ್ಮನ ಕೈಗೆ ಕೊಡಲಿಲ್ಲ. ಆಗತಾನೇ ಅವಳು ತೊಳೆದಿದ್ದ ಬಾನೆಟ್ಟಿನ ಮೇಲಿಟ್ಟ. ಒದ್ದೆಯಾಗಿ ಅಂಟಿಕೊಂಡ ನೋಟುಗಳನ್ನು ಅವಳು ಉಗುರಿನಿಂದ ಎಬ್ಬಿಸಿ ತೆಗೆದುಕೊಂಡಳು. ನಿನ್ನೆಯೇ ಪೆಟ್ರೋಲ್ ಮತ್ತೆ ಮೂರು ರೂಪಾಯಿ ಏರಿದೆ, ಐವತ್ತು ಹೆಚ್ಚಿಗೆ ಕೊಡಲೇಬೇಕು ಎಂದು ಇನ್ನೊಮ್ಮೆ ಹೇಳಲು ಬಾಯಿ ತೆರೆದಳು. ಅವನು ಕೀಲಿ ತಿರುಗಿಸಿ, ಅವಳ ಮಾತಿನ ಮೇಲೆ ಹೊಗೆ ಬಿಟ್ಟು ಹೋದ.

ಎರ್ರೆಮ್ಮನೂ ಗಂಡ ದುರುಗಣ್ಣನೂ ಆರು ವರ್ಷ ಬೆಂಗಳೂರಿನ ಕಟ್ಟಡಗಳಲ್ಲಿ ದುಡಿದವರು. ಅಲ್ಲಿ ಗೋಡೆ, ನೆಲ ತೊಳೆಯುವ ಕೆಲಸ ಕಲಿತು, ಹಳೆಯದೊಂದು ಪೆಟ್ರೋಲ್ ಪ್ರೆಶರ್ ಮಷಿನ್ನನ್ನೂ ಲಗೇಜ್ ಆಟೊವನ್ನೂ ಕೊಂಡುಕೊಂಡು ಕೂಡ್ಲಿಗಿ ಸೀಮೆಯ ತಮ್ಮ ಕೇರಿಗೆ ಮರಳಿದ್ದರು. ಆಟೊದ ಹಿಂದೆ ನೀರಿನ ಟ್ಯಾಂಕು, ಅದರ ಪಕ್ಕ ಮಷಿನ್. ಅವನು ಓಡಿಸುತ್ತಿದ್ದ, ಇವಳು ನೀರು ಚಿಮ್ಮುವ ಗನ್ನು ಹಿಡಿಯುತ್ತಿದ್ದಳು. ಕಾಳು ಒಕ್ಕುವ ರಾಶಿ ಮಷಿನ್, ಜೆಸಿಬಿ, ಕೋಳಿ ಫಾರಮ್ಮು ಎಂದು ಇತ್ತ ಕೊಟ್ಟೂರು, ಅತ್ತ ಹಡಗಲಿಯವರೆಗೂ ಫೋನು ಬರುತ್ತಿತ್ತು.

ಟ್ರ್ಯಾಕ್ಟರಿನವನ ಮೇಲಿನ ಸಿಟ್ಟು ಆಟೊ ಹತ್ತುವಷ್ಟರಲ್ಲಿ ಅರ್ಧ ಆರಿತ್ತು. ಅವಳನ್ನು ತಿನ್ನುತ್ತಿದ್ದುದು ಬೇರೆ. ಎಂಟು ತಿಂಗಳ ಹಿಂದೆ ಕೊಟ್ಟೂರು ರಸ್ತೆಯಲ್ಲಿ ತಗಡಿನ ಶೆಡ್ಡೊಂದು ಎದ್ದಿತ್ತು. ಅದರಲ್ಲಿ ಗಾಡಿ ತೊಳೆಯುವ ವಾಟರ್ ಸರ್ವಿಸ್ ಮಾಡುವವನು ಮೈಲಾರೇಶ. ಕುರುಬರ ಓಣಿಯವನು, ಏಳನೇ ಕ್ಲಾಸಿನವರೆಗೂ ಅವಳ ಜೊತೆ ಓದಿ, ಲೆಕ್ಕದ ಪರೀಕ್ಷೆಯಲ್ಲಿ ಅವಳ ಹಾಳೆ ನೋಡಿ ಬರೆದವನು. ಅವನ ಮೋಟರು ನಡೆಯುವುದು ಕರೆಂಟಿನಲ್ಲಿ. ಒಂದು ಹನಿ ಪೆಟ್ರೋಲೂ ಅದಕ್ಕೆ ಬೇಡ. ಆದರೂ ಈ ಬೆಳಿಗ್ಗೆ ಅವನ ಶೆಡ್ಡಿನ ಬೋರ್ಡಿನ ಮೇಲೆ ಕೆಂಪು ಅಕ್ಷರ ಬಿದ್ದಿದ್ದವು: ‘ಪೆಟ್ರೋಲ್ ದರ ಏರಿದ ಪ್ರಯುಕ್ತ ಟ್ರ್ಯಾಕ್ಟರ್ 500, ಜೀಪು 400.’

ಹೂವು ಕೊಳ್ಳುವ ನೆಪ ಹೇಳಿ ಎರ್ರೆಮ್ಮ ಆಟೊವನ್ನು ಶೆಡ್ಡಿನ ಎದುರಿಗೆ ನಿಲ್ಲಿಸುವಂತೆ ಮಾಡಿದಳು. ನಾಲ್ಕು ಟ್ರ್ಯಾಕ್ಟರು ಸಾಲಾಗಿ ನಿಂತಿದ್ದವು. ಬಂದವರು ಬೋರ್ಡು ಓದಿ, ಸುಮ್ಮನೆ ತಲೆಯಾಡಿಸಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮೈಲಾರೇಶನ ಜೊತೆ ಗಾಜಿನ ಲೋಟದಲ್ಲಿ ಚಹಾ ಕುಡಿಯುತ್ತಿದ್ದರು. ಇವಳ ಪೆಟ್ರೋಲಿನ ಬಿಸಿಯನ್ನು ಅವನು ಎದೆ ಸೆಟೆಸಿ ಮಾರುತ್ತಿದ್ದ. ಊರಿನ ಕರೆಂಟು ಹೋದ ದಿನಗಳಲ್ಲಿ ಅವಳಿಗೆ ಊಟ ರುಚಿಸುತ್ತಿತ್ತು. ಅವನ ಮೋಟರು ಸುಟ್ಟಿತೆಂದು ಒಮ್ಮೆ ಸುಳ್ಳು ಸುದ್ದಿ ಹಬ್ಬಿದಾಗ ಅವಳು ಕೇರಿಯ ನಾಲ್ಕು ಮನೆಗೆ ತಾನೇ ಹೋಗಿ ಹೇಳಿ ಬಂದಿದ್ದಳು.

“ಹೂವು ತಗೊಂಡ್ಯಾ?” ಎಂದು ದುರುಗಣ್ಣ ಕೇಳಿದ. ಅವಳು ಇಳಿದೇ ಇರಲಿಲ್ಲ.

ಅದೇ ಹೊತ್ತಿಗೆ ಪಾಲಾಕ್ಷಪ್ಪಗೌಡರ ಫೋನು ಬಂತು. ಅವರ ಮನೆಯ ನಡುವಿನ ಕಲ್ಲುಹಾಸಿನ ಅಂಗಳ ನೂರು ವರ್ಷದ್ದು, ಪಾಚಿ ಹಿಡಿದು ಕರ್ರಗಾಗಿತ್ತು. ಮಗಳು ಶಿವಲೀಲಾಳ ನಿಶ್ಚಿತಾರ್ಥ ಭಾನುವಾರ. ಕಲ್ಲು ಬೆಳ್ಳಗಾಗಬೇಕು ಅಂದರು. ಮೈಲಾರೇಶನ ಮೋಟರು ಶೆಡ್ಡಿನ ಗೋಡೆ ಬಿಟ್ಟು ಅಲುಗುವುದಿಲ್ಲ, ಆ ಕೆಲಸ ತನಗೇ ಬರಬೇಕು ಎಂದು ಎರ್ರೆಮ್ಮನಿಗೆ ಹಿಗ್ಗಾಯಿತು. ಗಂಟೆಗೆ ಒಂದೂವರೆ ಲೀಟರ್ ಪೆಟ್ರೋಲು, ಮಷಿನ್ನಿನ ಸವಕಲು, ಇಬ್ಬರ ಮೈಮುರಿತ. ಎಲ್ಲ ಕೂಡಿಸಿದರೆ ಗಂಟೆಗೆ ಆರುನೂರಕ್ಕೆ ಒಂದು ಪೈಸೆ ಕಡಿಮೆಯಾಗುವಂತಿರಲಿಲ್ಲ. ಮರುದಿನ ಬೆಳಿಗ್ಗೆ ಗೌಡರ ಮನೆಯ ದಾರಿಯುದ್ದಕ್ಕೂ ಅದನ್ನು ಗಟ್ಟಿ ದನಿಯಲ್ಲಿ ಅಭ್ಯಾಸ ಮಾಡಿದಳು. ದುರುಗಣ್ಣ ರಸ್ತೆಯನ್ನೇ ನೋಡುತ್ತಿದ್ದ.

ಆಟೊವನ್ನು ಹಿತ್ತಲಿಗೆ ತಿರುಗಿಸಿ, ದನದ ಕೊಟ್ಟಿಗೆಯ ಪಕ್ಕ ನಿಲ್ಲಿಸಬೇಕೆಂದು ಹೇಳಿಕೆಯಾಯಿತು. ಹಿತ್ತಲ ಬಾಗಿಲಿನಿಂದ ನೇರ ಅಂಗಳ ಕಾಣುತ್ತಿತ್ತು. ಅಲ್ಲಿ ಪ್ಯಾಂಟು ಮಡಚಿಕೊಂಡು ಮೈಲಾರೇಶ ನಿಂತಿದ್ದ.

ಪಾಲಾಕ್ಷಪ್ಪ ಹೊಸ್ತಿಲ ಒಳಗೆ ನಿಂತು ಹೇಳಿದ. “ಮಷಿನ್ ಹೊರಗ ಇರ್ಲಿ. ಪೈಪು ಒಳಗ ಎಳ್ಕೊಳ್ರಿ, ಗನ್ನು ಮೈಲಾರಿ ಹಿಡೀತಾನ. ನೀ ಒಳಗ ಬರಾದು ಬ್ಯಾಡ, ಮನ್ಯಾಗ ಶುಭಕಾರ್ಯ ಐತಿ.”

ಎರ್ರೆಮ್ಮ ರೇಟು ಹೇಳಿದಳು. ಗನ್ನು ಹಿಡಿಯುವವನಿಗೆ ತಾನೇ ಕೂಲಿ ಎಂದು ಗೌಡ ನಕ್ಕ. ಅವಳಿಗೆ ಬೇಕಾದರೆ ಪೆಟ್ರೋಲು ಹಾಕಿಸಿಕೊಡುತ್ತೇನೆ ಅಂದ. ಅವಳ ಬಾಯಿಂದ ಮುಂದಿನ ಮಾತು ಹೊರಡುವ ಮೊದಲೇ ದುರುಗಣ್ಣ ಹಗ್ಗ ಜಗ್ಗಿ ಇಂಜಿನ್ ಚಾಲೂ ಮಾಡಿಬಿಟ್ಟ.

ಒಂದೂವರೆ ಗಂಟೆ ಅವಳು ಸಗಣಿಯ ರಾಡಿಯಲ್ಲಿ ಗಂಬೂಟು ಹೂತುಕೊಂಡು, ಪೈಪು ಮಡಚಿಕೊಳ್ಳದಂತೆ ಹಿಡಿದು ನಿಂತಳು. ಅವನು ಒಳಗೆ ಗನ್ನು ಒತ್ತಿದಾಗ, ಬಿಟ್ಟಾಗ, ಅವಳ ಅಂಗೈಯಲ್ಲಿ ಪೈಪು ನಡುಗುತ್ತಿತ್ತು. ತೀರ ಹತ್ತಿರದಿಂದ ಹೊಡೆಯುತ್ತಿದ್ದಾನೆ, ಕಲ್ಲಿನ ಗಾರೆ ಕೀಳುತ್ತಿದೆ ಎಂದು ಸದ್ದಿನಿಂದಲೇ ಗೊತ್ತಾಗುತ್ತಿತ್ತು. ಆ ಗನ್ನಿನ ಹಿಡಿಗೆ ತನ್ನ ಹಳೆಯ ಸೀರೆಯ ಚೂರು ಸುತ್ತಿದವಳು ಅವಳು. ಅದರ ಮೇಲೆ ಈಗ ಅವನ ಬೆರಳು. ಒಳಗೆ ಯಾರೋ ಹೆಂಗಸು ಅವನಿಗೆ ಮಂಡಕ್ಕಿ ತಿನ್ನೆಂದು ಕರೆದರು. ಅವನು ಆಮೇಲೆ ಎಂದು ನಗುತ್ತಾ ಹೇಳಿದ.

ಪೆಟ್ರೋಲು ತಳ ಕಂಡಿತು. ದುರುಗಣ್ಣ ಬಾಗಿಲ ಬಳಿ ಕೈಕಟ್ಟಿ ನಿಂತು ಪೆಟ್ರೋಲಿಗೆ ದುಡ್ಡು ಕೇಳಿದ. ಕೆಲಸ ಮುಗಿಯಲಿ, ಆಮೇಲೆ ನೋಡೋಣ ಎಂದು ಉತ್ತರ ಬಂತು. ಎರ್ರೆಮ್ಮ ಗಂಡನನ್ನು ಪಕ್ಕಕ್ಕೆ ಸರಿಸಿದಳು.

“ಗೌಡ್ರ, ಒಂದೂವರಿ ಗಂಟಿ ಆತು. ಒಂಬೈನೂರು ಕೊಡ್ರಿ. ಮುಂದಿಂದು ಆಮ್ಯಾಲ ನೋಡಾಣ.”

“ನಾಲಿಗಿ ಉದ್ದ ಆತಲ್ಲಬೇ ಬೋಸುಡಿ,” ಎಂದ ಪಾಲಾಕ್ಷಪ್ಪ. “ಬೆಂಗಳೂರು ನೀರು ಕುಡದು ಬಂದ್ರ ಕೇರಿ ಬದಲಾಗತೈತೇನು? ಇನ್ನೂರು ಕೊಡ್ತೀನಿ, ಮುಚ್ಕೊಂಡು ಹೋಗು.”

“ಮೈಲಾರಿ ಬೋರ್ಡಿಗೆ ಎಲ್ಲಾರೂ ಕೊಡ್ತೀರಿ. ನನಗ್ಯಾಕ ಇಲ್ರಿ?”

ಗೌಡನಿಗೆ ನಿಜವಾಗಿಯೂ ನಗು ಬಂತು. ಒಳಗೆ ತಿರುಗಿ, “ಲೇ ಮೈಲಾರಿ, ಈಕಿಗೆ ಹೇಳು. ಶೆಡ್ ಯಾರದು? ಮೋಟರ್ ಯಾರದು?” ಅಂದ.

“ನಿಮ್ದರಿ, ಗೌಡ್ರ.”

“ನಿನಗೇನು ಸಿಗತೈತಿ?”

“ದಿನಕ್ಕ ಮುನ್ನೂರು ರೀ.”

ಒಂದು ಟ್ರ್ಯಾಕ್ಟರಿಗೆ ತಾನು ಬೈಸಿಕೊಂಡು ಇಸಿದುಕೊಂಡಷ್ಟು. ಎಂಟು ತಿಂಗಳು ಹೊಟ್ಟೆಯಲ್ಲಿ ಸಾಕಿದ್ದ ಕಿಚ್ಚು ಅದರಿಂದ ಆರಲಿಲ್ಲ. ಹೋಗಿ ಬೇರೆ ಮನೆಗೆ ಹೊತ್ತಿಕೊಂಡಿತು. ಅವಳು ಬಗ್ಗಿ ಮಷಿನ್ನಿನ ಕೆಂಪು ಸ್ವಿಚ್ಚನ್ನು ಒತ್ತಿದಳು. ಇಂಜಿನ್ ಕೆಮ್ಮಿ ನಿಂತಿತು. ಕೊಟ್ಟಿಗೆಯಲ್ಲಿ ಎಮ್ಮೆ ಮೆಲುಕು ಹಾಕುವುದು ಕೇಳಿಸತೊಡಗಿತು.

ಗನ್ನು ತಂದುಕೊಡು ಎಂದು ಅವಳು ಮೈಲಾರೇಶನನ್ನು ಕರೆದಳು. ಅವನು ಗೌಡನ ಮುಖ ನೋಡಿದ, ಅಲ್ಲಾಡಲಿಲ್ಲ. ಎರ್ರೆಮ್ಮ ಹೊಸ್ತಿಲು ದಾಟಿದಳು.

ಪಾಲಾಕ್ಷಪ್ಪ ಅಡ್ಡ ಕೈ ಚಾಚಿದ. ತಡೆಯಬೇಕಾದರೆ ಅವಳನ್ನು ಮುಟ್ಟಬೇಕಿತ್ತು. ಅವಳು ನಡಿಗೆ ನಿಧಾನ ಮಾಡಲಿಲ್ಲ. ಮೈ ತಗಲಲು ಒಂದು ಗೇಣು ಇರುವಾಗ ಅವನೇ ಕೈ ಹಿಂದೆಗೆದು ಗೋಡೆಗೆ ಒರಗಿದ. ಹೆಂಗಸರು ಅಡುಗೆಮನೆಗೆ ಸರಿದರು. ಗಂಬೂಟಿನ ಸಗಣಿ ಕಲ್ಲಿನ ಮೇಲೆ ಅಚ್ಚೊತ್ತುತ್ತಾ ಅವಳು ಅಂಗಳಕ್ಕೆ ಇಳಿದಳು. ಹತ್ತಿರದ ಅರ್ಧ ಇನ್ನೂ ಕರ್ರಗಿತ್ತು, ಆಚೆಯ ಅರ್ಧ ಹಾಲಿನಂತೆ ಬೆಳ್ಳಗಾಗಿತ್ತು. ನಡುವೆ ಗೆರೆ ಎಳೆದ ಹಾಗೆ. ಬಿಳಿಯ ಕಡೆ ಗನ್ನು ಹಿಡಿದು ನಿಂತಿದ್ದ ಮೈಲಾರೇಶನ ಕೈಯಿಂದ ಅದನ್ನು ಕಿತ್ತುಕೊಂಡಳು.

ಅವನು ತುಟಿಯಂಚಿನಲ್ಲಿ ಕೇಳಿದ. “ಗಂಟಿಗೆ ಎಷ್ಟಂದಿ?”

“ಆರುನೂರು.”

ಅವನ ಕಣ್ಣು ಗನ್ನಿನ ಮೇಲೇ ಇತ್ತು. ಅದು ಎಂಥ ನೋಟವೆಂದು, ಎಂಟು ತಿಂಗಳು ಅವನ ಶೆಡ್ಡನ್ನು ನೋಡಿದ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಕೂಡ್ಲಿಗಿಯಿಂದ ಹಡಗಲಿತನಕ ಒಬ್ಬನೂ ನಿನ್ನ ಕರೆಯದಂತೆ ಮಾಡುತ್ತೇನೆ ಎಂದು ಗೌಡ ಹಿಂದಿನಿಂದ ಕೂಗುತ್ತಿದ್ದ. ಮಾಡುವವನೇ ಎಂದು ಅವಳಿಗೂ ಗೊತ್ತಿತ್ತು. ದುರುಗಣ್ಣ ಆಟೊದ ಕೀಲಿ ಹುಡುಕುತ್ತಿದ್ದ. ಅವಳು ಅವಸರ ಮಾಡದೆ ಪೈಪನ್ನು ಮೊಣಕೈಗೆ ಸುತ್ತಿಕೊಳ್ಳತೊಡಗಿದಳು.

ಬಾಗಿಲೊಳಗೆ ಮೈಲಾರೇಶ ಬಕೀಟು, ಕಡ್ಡಿಪೊರಕೆ ಹಿಡಿದು ಮಂಡಿಯೂರಿದ್ದ. ಬಿಳಿಯ ಕಲ್ಲಿನ ಮೇಲಿನ ಹೆಜ್ಜೆ ಬೇಗ ಹೋದವು. ಕಪ್ಪು ಕಲ್ಲಿನ ಮೇಲೆ ಅವಳು ಎಲ್ಲೆಲ್ಲಿ ಕಾಲಿಟ್ಟಿದ್ದಳೆಂದು ಯಾರಿಗೂ ಕಾಣುತ್ತಿರಲಿಲ್ಲ. ಗೌಡ ಬೆರಳು ಮಾಡಿ, ಇಲ್ಲಿ ತಿಕ್ಕು, ಅಲ್ಲಿ ತಿಕ್ಕು ಅನ್ನುತ್ತಿದ್ದ. ಅವನು ಅಲ್ಲೂ ತಿಕ್ಕಿದ, ಇಲ್ಲೂ ತಿಕ್ಕಿದ.